ಧ್ವನಿವರ್ಧಕಕ್ಕೆ ತಕ್ಕ ಆಂಪ್ಲಿಫೈಯರ್

ಪೆಟ್ಟಿಗೆಯಿಂದ ಬಿಡಿಸಿದ ಧ್ವನಿವರ್ಧಕವೊಂದನ್ನು ಮೇಜಿನ ಮೇಲಿಟ್ಟು, ಅದರ ಕಾಗದದ ಶಂಕುವನ್ನು ಬೆರಳಿನಿಂದ ಮೆಲ್ಲನೆ ತಟ್ಟೋಣ. ‘ದುಂ’ ಎಂಬ ಸದ್ದು ಹೊರಟು ಕ್ಷಣಕಾಲ ಉಳಿಯುತ್ತದೆ. ಈಗ ಅದರ ಹಿಂಬದಿಯ ಎರಡು ತುದಿಗಳನ್ನು ತಾಮ್ರದ ತಂತಿಯಿಂದ ಕೂಡಿಸಿ ಮತ್ತೆ ತಟ್ಟೋಣ. ಸದ್ದು ‘ಟಪ್’ ಎಂದು ಒಡನೆಯೇ ಅಡಗುತ್ತದೆ. ಹೊರಗಿನಿಂದ ವಿದ್ಯುತ್ತನ್ನೇ ಕೊಡದಿರುವಾಗ ತಂತಿಯ ತುಂಡೊಂದು ಶಂಕುವನ್ನು ತಡೆದುದು ಹೇಗೆ?

ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬವರು 1925ರಲ್ಲಿ ವಿವರಿಸಿದ ರಚನೆಯೇ ಬಹುಮಟ್ಟಿಗೆ ಇಂದಿನ ಧ್ವನಿವರ್ಧಕಗಳಲ್ಲಿಯೂ ಇದೆ. ಶಂಕುವಿಗೆ ಅಂಟಿದ ತಂತಿಯ ಸುರುಳಿಯು ಕಾಂತಕ್ಷೇತ್ರದಲ್ಲಿ ಚಲಿಸುತ್ತದೆ. ಚಲಿಸುವ ಸುರುಳಿ ತಾನೇ ಒಂದು ಪುಟ್ಟ ಡೈನಮೊ. ತುದಿಗಳು ಕೂಡಿದಾಗ ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಲೆಂಜನ ನಿಯಮದಂತೆ ಆ ಪ್ರವಾಹವು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. ಹೀಗೆ ಶಂಕುವಿಗೊಂದು ವಿದ್ಯುತ್ ಕಡಿವಾಣ ಬೀಳುತ್ತದೆ.

ಸಂಗೀತ ಕೇಳುವಾಗ ಆ ತಾಮ್ರದ ತಂತಿಯ ಸ್ಥಾನದಲ್ಲಿರುವುದು ಆಂಪ್ಲಿಫೈಯರ್. ಅದರ ಆಂತರಿಕ ರೋಧ ಎಷ್ಟು ಎಂಬುದರ ಮೇಲೆ ಕಡಿವಾಣದ ಬಿಗಿ ನಿಂತಿದೆ. 1927ರಲ್ಲಿ ಹೆರಾಲ್ಡ್ ಬ್ಲ್ಯಾಕ್ ಕಂಡುಹಿಡಿದ ನೆಗೆಟಿವ್ ಫೀಡ್‌ಬ್ಯಾಕ್ ತಂತ್ರವನ್ನು ಅಳವಡಿಸಿದ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಈ ರೋಧ ಸುಮಾರು 0.1 ಓಮ್ ಅಥವಾ ಅದಕ್ಕಿಂತಲೂ ಕಡಿಮೆ. ಆ ತಂತ್ರವಿಲ್ಲದ ಟ್ರಯೋಡ್ ವಾಲ್ವ್ ಆಂಪ್ಲಿಫೈಯರಿನಲ್ಲಿ ಅದು 2–3 ಓಮ್ ಇರಬಹುದು.

ಮಂದ್ರದಿಂದ ತಾರದವರೆಗೆ ಎಲ್ಲ ಸ್ವರಗಳನ್ನೂ ಒಂದೇ ಶಂಕುವಿನಿಂದ ಹೊರಡಿಸುವ ಧ್ವನಿವರ್ಧಕದಲ್ಲಿ ಈ ಭೇದ ಎದ್ದು ತೋರುತ್ತದೆ. ಸುರುಳಿಯ ರೋಧ 6 ಓಮ್ ಎಂದಿಟ್ಟುಕೊಳ್ಳೋಣ. ಟ್ರಾನ್ಸಿಸ್ಟರಿನೊಡನೆ ಮಂಡಲದ ಒಟ್ಟು ರೋಧ 6.1 ಓಮ್, 3 ಓಮಿನ ಟ್ರಯೋಡಿನೊಡನೆ 9 ಓಮ್. ಎರಡನೆಯದರಲ್ಲಿ ಕಡಿವಾಣ ಸುಮಾರು ಮೂರನೆಯ ಎರಡು ಭಾಗಕ್ಕೆ ಇಳಿಯಿತು. ಆಂತರಿಕ ರೋಧವನ್ನು 0.1ರಿಂದ 0.01 ಓಮಿಗೆ ಇಳಿಸಿದರೆ ಹೆಚ್ಚಿನ ಲಾಭವೇನೂ ಇಲ್ಲವೆಂಬುದನ್ನೂ ಇದೇ ಲೆಕ್ಕ ತಿಳಿಸುತ್ತದೆ. ಸುರುಳಿಯ 6 ಓಮ್ ಹೇಗೂ ಉಳಿದೇ ಇರುತ್ತದೆ.

ಇನ್ನೊಂದು ಪರಿಣಾಮವೂ ಉಂಟು. ನಾವು ‘8 ಓಮ್’ ಎಂದು ಕರೆಯುವ ಧ್ವನಿವರ್ಧಕದ ಇಂಪೀಡೆನ್ಸ್ ಎಲ್ಲ ಸ್ವರಗಳಿಗೂ ಒಂದೇ ಅಲ್ಲ. ಶಂಕುವಿನ ಸಹಜ ಕಂಪನದ ಮಂದ್ರ ಸ್ವರದಲ್ಲಿ ಅದು 40 ಓಮಿಗೆ ಏರಿತೆನ್ನೋಣ. 3 ಓಮಿನ ಆಂಪ್ಲಿಫೈಯರ್ ತನ್ನ ವೋಲ್ಟೇಜಿನಲ್ಲಿ 8 ಓಮಿಗೆ ಶೇಕಡ 73ನ್ನು ತಲುಪಿಸಿದರೆ, 40 ಓಮಿಗೆ ಶೇಕಡ 93ನ್ನು ತಲುಪಿಸುತ್ತದೆ. ಅಂದರೆ ಮಂದ್ರವು ಸುಮಾರು 2 ಡೆಸಿಬೆಲ್ ಮೇಲೇಳುತ್ತದೆ. 0.1 ಓಮಿನದಾದರೆ ಈ ಏರಿಕೆ ಒಂದು ಡೆಸಿಬೆಲ್ಲಿನ ಹತ್ತನೆಯ ಒಂದು ಭಾಗದಷ್ಟೂ ಇಲ್ಲ.

ಹಾಗಾದರೆ ಯಾವುದು ಉತ್ತಮ? ಬಲವಾದ ಕಾಂತ, ಹಗುರ ಶಂಕು ಇರುವ ಧ್ವನಿವರ್ಧಕಕ್ಕೆ ಕಡಿವಾಣ ಮೊದಲೇ ಬಿಗಿ. ಅದರ ಮಂದ್ರ ಸೊರಗಿರುತ್ತದೆ. ಟ್ರಯೋಡ್ ಅದನ್ನು ಸಡಿಲಿಸಿ ಸಮತೋಲ ತರುತ್ತದೆ. ಕಾಂತ ದುರ್ಬಲವಾಗಿದ್ದರೆ ಅದೇ ಟ್ರಯೋಡಿನಿಂದ ಮಂದ್ರ ಊದಿಕೊಂಡು ಗುಡುಗುಡು ಎನ್ನುತ್ತದೆ. ಅಲ್ಲಿ ಟ್ರಾನ್ಸಿಸ್ಟರೇ ಲೇಸು.

ಶಕ್ತಿಯ ಮಾತೂ ಇದೆ. 1 ವಾಟಿಗೆ 1 ಮೀಟರ್ ದೂರದಲ್ಲಿ 96 ಡೆಸಿಬೆಲ್ ಕೊಡುವ ಧ್ವನಿವರ್ಧಕವು 8 ವಾಟಿಗೆ 105 ಡೆಸಿಬೆಲ್ ಕೊಡುತ್ತದೆ. ವಾಟುಗಳು ಇಮ್ಮಡಿಯಾದಾಗಲೆಲ್ಲ 3 ಡೆಸಿಬೆಲ್ ಕೂಡುತ್ತದೆಯಷ್ಟೆ. 87 ಡೆಸಿಬೆಲ್ಲಿನ ಧ್ವನಿವರ್ಧಕದಿಂದ ಅಷ್ಟೇ ಸದ್ದು ಬರಲು 64 ವಾಟು ಬೇಕು. ಆದುದರಿಂದ ವಾಟಿನ ಅಂಕಿಯನ್ನು ಮಾತ್ರ ನೋಡಿ ಹಣ ಸುರಿಯುವುದು ಜಾಣತನವಲ್ಲ.

ಕೈಯಲ್ಲಿರುವುದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, ಧ್ವನಿವರ್ಧಕವೋ ಬಿಗಿ ಕಡಿವಾಣದ್ದು ಎಂದಾದರೆ ನಿರಾಶರಾಗಬೇಕಿಲ್ಲ. ತಕ್ಕಷ್ಟು ಶಾಖ ತಾಳಬಲ್ಲ 2–3 ಓಮಿನ ರೋಧಕವೊಂದನ್ನು ಶ್ರೇಣಿಯಲ್ಲಿ ಜೋಡಿಸಿದರೆ ಸಾಕು. ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ, ನಿಜ. ಆದರೆ ಆಂಪ್ಲಿಫೈಯರನ್ನು ಬದಲಿಸುವ ಮುನ್ನವೇ ವ್ಯತ್ಯಾಸವನ್ನು ನಮ್ಮ ಕಿವಿಯಿಂದಲೇ ಪರೀಕ್ಷಿಸಿ ತಿಳಿಯಬಹುದು.