ಹಳೆಯ ಎಂಜಿಬಿಗೆ ಹೊಸ ಆಲ್ಟರ್ನೇಟರ್ ಬೇಕೇ?

ಪ್ರಶ್ನೆ: ನನ್ನದು 1972ರ ಎಂಜಿಬಿ. ವಿದ್ಯುತ್ ಫ್ಯಾನ್ ಹಾಕಿಸಿದ ಮೇಲೆ ರಾತ್ರಿ ಸಿಗ್ನಲ್‌ನಲ್ಲಿ ನಿಂತಾಗ ಹೆಡ್‌ಲೈಟ್ ಮಂಕಾಗುತ್ತದೆ. ದೊಡ್ಡ ಆಲ್ಟರ್ನೇಟರ್ ಹಾಕಿಸಲೇ?

ಉತ್ತರ: ದುಡ್ಡು ಬಿಚ್ಚುವ ಮೊದಲು ಒಂದು ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಸ್ವಲ್ಪ ವೇಗದಲ್ಲಿ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಕಾಣಬೇಕು. ನಿಮ್ಮ ಕಾರಿನ ಬ್ಯಾಟರಿಗಳು ಸೀಟಿನ ಹಿಂದೆ ಇರುವುದು ನೆನಪಿರಲಿ. ದೀಪ, ಫ್ಯಾನ್ ಎರಡನ್ನೂ ಹಾಕಿ ಆಲ್ಟರ್ನೇಟರಿನ ದಪ್ಪ ತುದಿಗೂ ಬ್ಯಾಟರಿಯ ಪ್ಲಸ್‌ಗೂ ನಡುವೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ದೋಷ ತಂತಿಯಲ್ಲೋ ತುಕ್ಕು ಹಿಡಿದ ಜೋಡಣೆಯಲ್ಲೋ ಇದೆ. ಮೊದಲು ಅದನ್ನು ಸರಿಪಡಿಸಿ. ಬೆಲ್ಟ್ ಸಡಿಲವಿದ್ದರೆ ಬಿಗಿ ಮಾಡಿ.

ಆಮೇಲೂ ಸಾಲದಿದ್ದರೆ ಲೂಕಾಸ್ 18ಎಸಿಆರ್ ನನ್ನ ಮೊದಲ ಆಯ್ಕೆ. ಸುಮಾರು 45 ಆಂಪಿಯರ್ ಕೊಡುತ್ತದೆ, ರೂಪವೂ ಹಳೆಯದರದ್ದೇ. ಹೆಡ್‌ಲೈಟ್‌ಗಳು ಎಳೆಯುವುದು ಹತ್ತು ಆಂಪಿಯರ್ ಆಸುಪಾಸು, ಫ್ಯಾನಿನದೂ ಸೇರಿಸಿದರೆ ಇದು ಧಾರಾಳ. ಲೂಕಾಸ್ ಎ127 ಇನ್ನೂ ಶಕ್ತ, ಆದರೆ ಬ್ರಾಕೆಟ್ ಹೊಂದಿಸಬೇಕು, ಪುಲ್ಲಿಯ ಸಾಲು ನೋಡಬೇಕು. ಅದನ್ನೇ ಹಾಕಿದರೆ ಹಳೆಯ ಕಂದು ತಂತಿಯನ್ನೇ ನಂಬಬೇಡಿ. ಆಲ್ಟರ್ನೇಟರಿನಿಂದ ಸ್ಟಾರ್ಟರ್ ಸೊಲೆನಾಯ್ಡ್‌ವರೆಗೆ ದಪ್ಪ ತಂತಿ, ತಕ್ಕ ಫ್ಯೂಸ್ ಸಮೇತ ಎಳೆಸಿ.

ಇಗ್ನಿಷನ್ ಬಲ್ಬಿಗೆ ಹೋಗುವ ಕಂದು-ಹಳದಿ ತಂತಿಯನ್ನು ಜೋಡಿಸದೆ ಬಿಡಬೇಡಿ. ಡ್ಯಾಶ್‌ಬೋರ್ಡಿನ ಇಗ್ನಿಷನ್ ಬಲ್ಬ್ ಸುಟ್ಟಿದ್ದರೆ ಹೊಸ ಆಲ್ಟರ್ನೇಟರೂ ಚಾರ್ಜ್ ಮಾಡದೆ ಸುಮ್ಮನಿರಬಹುದು. ಕೆಲಸಕ್ಕೆ ಮುನ್ನ ಬ್ಯಾಟರಿಯ ಅರ್ತ್ ಕಳಚಿ.

ತಂತಿ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ವೋಲ್ಟೇಜ್ 15 ದಾಟಿದರೆ ಕಾರನ್ನು ಓಡಿಸದೆ ಹಳೆಯ ಕಾರುಗಳ ಅನುಭವವಿರುವ ಆಟೊ ಎಲೆಕ್ಟ್ರಿಷಿಯನ್‌ಗೆ ತೋರಿಸಿ.