ರೈಲು ಪ್ರಯಾಣ ಅಗ್ಗವೇಕೆ?

1947ಕ್ಕೆ ಮುಂಚೆ ಹೊಸಪೇಟೆಯಿಂದ ಗದಗಿಗೆ ಹೊರಟ ರೈಲುಬಂಡಿಯು ಮೂರು ಆಡಳಿತಗಳನ್ನು ಕಾಣುತ್ತಿತ್ತು: ಹೊಸಪೇಟೆ ಮದರಾಸು ಪ್ರಾಂತಕ್ಕೂ, ಕೊಪ್ಪಳ ನಿಜಾಮರ ಸಂಸ್ಥಾನಕ್ಕೂ, ಗದಗ ಮುಂಬಯಿ ಪ್ರಾಂತಕ್ಕೂ ಸೇರಿದ್ದುವು. ಆ ಗಡಿಗಳು ಅಳಿದುವು. ರೈಲು ಇಂದಿಗೂ ಬಡವರ ಬಂಡಿಯಾಗಿಯೇ ಉಳಿದಿದೆ. ದರವನ್ನು ಗೊತ್ತುಮಾಡುವುದು ಸರ್ಕಾರವಾದರೂ ಅದರ ಬೆನ್ನಿಗೆ ಭೌತವಿಜ್ಞಾನವೂ ಇದೆ.

ಭಾರ ಬಿದ್ದಾಗ ಉಕ್ಕಿನ ಗಾಲಿಯೂ ಹಳಿಯೂ ಅತ್ಯಲ್ಪವಾಗಿ ಅಮುಕುತ್ತವೆ. ರಬ್ಬರಿನ ಗಾಲಿ ಹೆಚ್ಚು ಅಮುಕಿ, ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಆದುದರಿಂದ ಒಂದು ಟನ್ ಭಾರವನ್ನು ಸಮತಟ್ಟಿನಲ್ಲಿ ನಿಧಾನವಾಗಿ ಉರುಳಿಸಲು ಹಳಿಯ ಮೇಲೆ ಸುಮಾರು 2 ಕಿಲೋಗ್ರಾಂ ತೂಕದಷ್ಟು ಬಲ ಸಾಕು; ಡಾಂಬರು ರಸ್ತೆಯಲ್ಲಿ ಸುಮಾರು 10 ಬೇಕು.

ಆದರೆ ಬೋಗಿಯೇ ಹತ್ತಾರು ಟನ್ ತೂಗುವುದರಿಂದ, ಖಾಲಿ ಓಡಿದರೆ ಈ ಲಾಭ ವ್ಯರ್ಥ. ರೈಲು 2019ರಲ್ಲಿ ಗಂಗಾವತಿಯನ್ನೂ, 2025ರಲ್ಲಿ ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಯನ್ನೂ ಮುಟ್ಟಿದೆ. ಬೋಗಿ ತುಂಬಿದಾಗಲೇ ತಲೆಗೆ ಬೀಳುವ ವೆಚ್ಚ ಇಳಿಯುವುದೆಂಬುದನ್ನು ನಾವು ಮರೆಯಬಾರದು.