ಕಿವಿಯಿಂದ ಕೈಗೆ: ಹಿಪ್‌ಹಾಪ್ ಕೇಳಿ ಚಿತ್ರ ಬರೆಯುವುದು

ನಿಮಗೆ ಚಿತ್ರ ಬರೆದು ರೂಢಿಯಿಲ್ಲದಿರಬಹುದು. ಹಿಪ್‌ಹಾಪ್ ಎಂದರೇನೆಂದೂ ತಿಳಿಯದಿರಬಹುದು. ಚಿಂತೆಯಿಲ್ಲ. ಮೆತ್ತನೆಯ ಒಂದು ಪೆನ್ಸಿಲ್, ಹತ್ತು ಹಾಳೆ, ಯಾರೂ ಕರೆಯದ ನಲವತ್ತು ನಿಮಿಷ, ಇಷ್ಟಿದ್ದರೆ ಶುರುಮಾಡೋಣ.

ಹಾಡಿಗೆ ಚಿತ್ರ ಬರೆಯುವುದು ನಮ್ಮ ಸೀಮೆಗೆ ಹೊಸದಲ್ಲ. ರಾಗವನ್ನು ಗಂಡಾಗಿ, ಹೆಣ್ಣಾಗಿ, ಮಳೆಗಾಲದ ರಾತ್ರಿಯಾಗಿ ಕಲ್ಪಿಸಿ ಬರೆದ ಚಿತ್ರಗಳಿಗೆ ರಾಗಮಾಲಾ ಎನ್ನುತ್ತಾರೆ. ದಖ್ಖನಿನಲ್ಲಿ ಹದಿನಾರನೇ ಶತಮಾನದ ಕೊನೆಗಾಗಲೇ ಅವನ್ನು ಬರೆಯುತ್ತಿದ್ದರು. ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬ್-ಎ-ನವರಸ್’ ಎಂಬ ತನ್ನ ಕೃತಿಯಲ್ಲಿ ರಾಗಗಳ ರೂಪವನ್ನೂ ವರ್ಣಿಸಿದ್ದಾನೆ. ಗಡಹಿಂಗ್ಲಜದಲ್ಲಿ ಕೂತು ನಾವು ಮಾಡಹೊರಟದ್ದೂ ಅದನ್ನೇ. ಹಾಡು ಮಾತ್ರ ದೂರದ್ದು.

ಹಿಪ್‌ಹಾಪ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1973ರ ಸುಮಾರಿಗೆ. ತಾಳಕ್ಕೆ ಸರಿಯಾಗಿ, ಪ್ರಾಸ ಕಟ್ಟಿ ಆಡುವ ಮಾತು ಅದರ ಜೀವ. ಅದಕ್ಕೆ ರ‍್ಯಾಪ್ ಎಂದು ಹೆಸರು. ನಿಮಗಾಗಿ ನಾನು ಆರಿಸಿರುವ ಆಲ್ಬಮ್ ‘ಇಲ್‌ಮ್ಯಾಟಿಕ್’. 1994ರಲ್ಲಿ ಬಂತು, ಹಾಡಿದ ನಾಸ್‌ಗೆ ಆಗ ಇಪ್ಪತ್ತು ವರ್ಷ. ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿಯಲ್ಲಿ ಬೆಳೆದವನು, ಅಲ್ಲಿಯ ಬೀದಿಯನ್ನೇ ಹಾಡಿದ. ಹೊದಿಕೆಯ ಮೇಲೆ ಏಳು ವರ್ಷದ ನಾಸ್‌ನ ಮುಖವಿದೆ, ಆ ಮುಖದ ಮೇಲೆಯೇ ಬೀದಿ ಹಾಯ್ದಿದೆ. ಆ ಚಿತ್ರವನ್ನು ಒಮ್ಮೆ ನೋಡಿ ಪಕ್ಕಕ್ಕಿಡಿ, ಇಲ್ಲದಿದ್ದರೆ ನಿಮ್ಮ ಕೈ ಅದನ್ನೇ ನಕಲು ಮಾಡುತ್ತದೆ.

ಮೊದಲ ಸಲ ಕೇಳುವಾಗ ಪದಗಳ ಅರ್ಥ ಹುಡುಕಬೇಡಿ. ಬೀಟ್ ಹಿಡಿಯಿರಿ. ಬೀಟ್ ಎಂದರೆ ಡ್ರಮ್ಮಿನ ಪೆಟ್ಟುಗಳ ಒಂದು ಸುತ್ತು. ಅದು ಹಾಡಿನುದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಇಚಲಕರಂಜಿಯಿಂದ ಬರುವ ನನ್ನೊಬ್ಬ ವಿದ್ಯಾರ್ಥಿನಿಗೆ ಇದನ್ನು ವಿವರಿಸುವ ಕೆಲಸವೇ ಬೀಳಲಿಲ್ಲ. ಅವಳ ಮನೆಯ ಗೋಡೆಯಾಚೆ ಹಗಲೂ ರಾತ್ರಿ ಪವರ್‌ಲೂಮ್ ಬಡಿಯುತ್ತದೆ. “ಸರ್, ಇದು ಹಾಸು” ಎಂದು ಮಗ್ಗದ ಉದ್ದನೂಲಿನ ಹೆಸರು ಹೇಳಿ ಹಾಳೆಯ ತುಂಬ ನೆಟ್ಟನೆಯ ಗೆರೆ ಎಳೆದಳು. ಬಳಿಕ ನಾಸ್‌ನ ದನಿ ಬಂದಾಗ ಅಡ್ಡಗೆರೆ ಶುರುವಾಯಿತು: ಅವನು ಉಸಿರು ತೆಗೆದುಕೊಂಡಲ್ಲಿ ಗೆರೆ ತುಂಡಾಯಿತು, ಪ್ರಾಸ ಬಿದ್ದಲ್ಲಿ ಪೆನ್ಸಿಲ್ ಒತ್ತಿ ಕಪ್ಪಾಯಿತು. ಹಾಸಿನೊಳಗೆ ಲಾಳಿ ಓಡಿ ಹೊಕ್ಕು ಕೂತಂತಿತ್ತು. ಆ ಹಾಳೆಯಲ್ಲಿ ಒಬ್ಬ ಮನುಷ್ಯನೂ ಇಲ್ಲ, ಆದರೂ ಅದು ಪೂರ್ತಿ ಚಿತ್ರ. ನಾನು ಅಂದಿನಿಂದ ಎಲ್ಲರಿಗೂ ಹಾಸಿನಿಂದಲೇ ಪಾಠ ಶುರುಮಾಡುತ್ತೇನೆ.

ಎರಡನೇ ಸಲ ಸ್ಯಾಂಪಲ್ ಗುರುತಿಸಿ. ಹಳೆಯ ಧ್ವನಿಮುದ್ರಿಕೆಯಿಂದ ಚಿಕ್ಕ ತುಣುಕು ಕತ್ತರಿಸಿ ಹೊಸ ಹಾಡಿಗೆ ಜೋಡಿಸುವುದಕ್ಕೆ ಹಾಗೆನ್ನುತ್ತಾರೆ. ‘ದಿ ವರ್ಲ್ಡ್ ಈಸ್ ಯುವರ್ಸ್’ ಹಾಡಿನಲ್ಲಿ ಕೇಳುವ ಪಿಯಾನೋ ಜಾಝ್ ಕಲಾವಿದ ಅಹ್ಮದ್ ಜಮಾಲ್ 1970ರಲ್ಲಿ ನುಡಿಸಿದ್ದು; ಈ ಹಾಡಿನ ನಿರ್ಮಾಪಕ ಪೀಟ್ ರಾಕ್ ಅದನ್ನು ಇಲ್ಲಿಗೆ ತಂದ. ನಮ್ಮ ಅಜ್ಜಿಯರು ಹಳೆಯ ಸೀರೆಯ ತುಂಡು ಸೇರಿಸಿ ಕೌದಿ ಹೊಲಿಯುವುದನ್ನು ನೀವು ನೋಡಿದ್ದೀರಿ. ಹಾಗೆಯೇ ನೀವೂ ಹಳೆಯ ಪಂಚಾಂಗದ ಹಾಳೆ, ಬಸ್ ಟಿಕೆಟ್ ಕತ್ತರಿಸಿ ಚಿತ್ರಕ್ಕೆ ಅಂಟಿಸಬಹುದು. ಅಂಟಿಸಿದ ಅಂಚು ಕಾಣಲಿ. ಕೌದಿಯ ಹೊಲಿಗೆಯನ್ನು ಯಾರೂ ಮುಚ್ಚಿಡುವುದಿಲ್ಲ.

ಮೂರನೇ ಸಲ ಮಾತಿಗೆ ಕಿವಿಗೊಡಿ. ‘ಒನ್ ಲವ್’ ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಕಾಗದದ ರೂಪದಲ್ಲಿದೆ. ಹೊಸಬರು ಸಾಮಾನ್ಯವಾಗಿ ಕಂಬಿ, ಕೈಕೋಳ ಬರೆಯುತ್ತಾರೆ. ಅವಸರ ಬೇಡ, ಅದು ಪೋಸ್ಟರಿನ ರೀತಿ. ಕೊಲ್ಹಾಪುರದ ಬಾಬುರಾವ್ ಪೇಂಟರ್ ನಾಟಕದ ಪರದೆ ಬರೆದು, ಮುಂದೆ ಸಿನಿಮಾ ತೆಗೆದು, ಪೋಸ್ಟರನ್ನೂ ಬರೆದವರು. ಪೋಸ್ಟರ್ ದಾರಿಹೋಕರನ್ನು ಕರೆಯಬೇಕು, ಕತೆಯನ್ನು ದೂರದಿಂದಲೇ ಸಾರಬೇಕು. ನಿಮ್ಮ ಹಾಳೆಗೆ ಆ ಹೊಣೆಯಿಲ್ಲ. ಊರಿನ ಸುದ್ದಿ ಹೊತ್ತ ಕಾಗದ ಬಂದಾಗ ಅದನ್ನು ಹಿಡಿದ ಬೆರಳು ಹೇಗಿರುತ್ತದೆ? ಎಷ್ಟು ಸಲ ಮಡಚಿದರೆ ಮಡಿಕೆಯಲ್ಲಿ ಅಕ್ಷರ ಅಳಿಸುತ್ತದೆ? ಗುಳೆ ಹೋದವರ ಮನೆಯಲ್ಲಿ ಬೆಳೆದಿದ್ದರೆ ನಿಮಗೆ ಇದು ಗೊತ್ತು. ಆ ಮಡಿಕೆಯನ್ನಷ್ಟೇ ಬರೆಯಿರಿ.

ಮುಗಿದ ಮೇಲೆ ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ. ಇಷ್ಟವಾಗದಿದ್ದರೂ ಹರಿಯಬೇಡಿ. ಮುಂದಿನ ಭಾನುವಾರ ಅದೇ ಹಾಡುಗಳನ್ನು ಹಚ್ಚಿ, ಹೊಸ ಹಾಳೆ ತೆಗೆದು, ಮತ್ತೆ ಹಾಸಿನಿಂದ ಶುರುಮಾಡಿ.